ಗೆದ್ದ ಕುಸ್ತಿಯನ್ನು ಮತ್ತೆ ನೋಡುವುದು

ದಸರಾ ಕುಸ್ತಿಯಲ್ಲಿ ಒಂದು ಜೋಡಿಯ ಸೆಣಸಾಟ ಮುಗಿದ ಮೇಲೆ ಸೋತ ಪೈಲ್ವಾನನ ಸುತ್ತ ಜನ ಕೂಡುವುದನ್ನು ಮೈಸೂರಿನ ನಾವೆಲ್ಲ ನೋಡಿದ್ದೇವೆ. ಉಸ್ತಾದರು, ಗರಡಿಯ ಹಿರಿಯರು, ಜೊತೆಯಲ್ಲಿ ತಾಲೀಮು ಮಾಡುವ ಹುಡುಗರು, ಕೊನೆಗೆ ಗ್ಯಾಲರಿಯಲ್ಲಿ ಕುಳಿತಿದ್ದ ಅಪರಿಚಿತರು ಕೂಡ ಅವನಿಗೆ ಅವನ ಕುಸ್ತಿಯನ್ನು ಬಿಡಿಸಿ ಹೇಳುತ್ತಾರೆ: ಕತ್ತು ಕೊಟ್ಟೆ, ಅವಸರಪಟ್ಟೆ, ಮುಂಗಾಲಿನ ಮೇಲೆ ಭಾರ ಬಿಟ್ಟೆ, ಎಡಗೈ ಸುಮ್ಮನೆ ನೇತಾಡುತ್ತಿತ್ತು. ಗೆದ್ದವನ ಕಡೆಗೆ ಇಂಥ ಮಾತು ಒಂದೂ ಹೋಗುವುದಿಲ್ಲ. ಅವನ ಕೊರಳಿಗೆ ಹಾರ ಬೀಳುತ್ತದೆ, ಗೆಳೆಯರು ಹೆಗಲ ಮೇಲೆ ಹೊತ್ತು ಅಖಾಡಕ್ಕೆ ಒಂದು ಸುತ್ತು ಬರುತ್ತಾರೆ, ಅವನು ಗೆದ್ದದ್ದು ಹೇಗೆ ಎಂಬ ಪ್ರಶ್ನೆಯನ್ನು ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ. ಹಲವು ವರ್ಷಗಳನ್ನು ಗರಡಿಯ ಮಣ್ಣಿನಲ್ಲಿಯೂ ಆಮೇಲಿನ ವರ್ಷಗಳನ್ನು ಜೂಡೋದ ಮ್ಯಾಟಿನ ಮೇಲೂ ಕಳೆದಿರುವ ನನ್ನಲ್ಲಿ ಗಟ್ಟಿಯಾಗಿ ನಿಂತಿರುವ ಅಭಿಪ್ರಾಯವೆಂದರೆ, ಸಮರಕಲೆಯ ಅಭ್ಯಾಸದಲ್ಲಿ ಆತ್ಮಾವಲೋಕನದ ನಿಜವಾದ ಕೆಲಸ ಆರಂಭವಾಗುವುದೇ ಈ ಪ್ರಶ್ನೆಯಿಂದ. ಸೋಲನ್ನು ಪರೀಕ್ಷಿಸಲು ಊರೆಲ್ಲ ಸಹಾಯಕ್ಕೆ ಬರುತ್ತದೆ. ಗೆಲುವನ್ನು ಪರೀಕ್ಷಿಸುವವನು ಮಾತ್ರ ಒಬ್ಬಂಟಿಯಾಗಿರುತ್ತಾನೆ, ಆ ಕೆಲಸವನ್ನು ಕಲಿಯದವನು ಹುಟ್ಟಿನಿಂದ ಬಂದ ಬಲ ಎಲ್ಲಿಯವರೆಗೆ ಕರೆದೊಯ್ಯುತ್ತದೆಯೋ ಅಲ್ಲಿಯೇ ನಿಂತುಬಿಡುತ್ತಾನೆ.

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ನೆನೆಯುವುದು ಜಪಾನಿನ ಖಡ್ಗವೀರ ಮಿಯಾಮೊಟೊ ಮುಸಾಶಿಯನ್ನು. 1645ರಲ್ಲಿ ತೀರಿಕೊಂಡ ಮುಸಾಶಿ ತನ್ನ ಕೊನೆಯ ವರ್ಷಗಳಲ್ಲಿ ಬರೆದ, ಈಗ ‘ಐದು ಉಂಗುರಗಳ ಪುಸ್ತಕ’ ಎಂದು ಹೆಸರಾಗಿರುವ ಕೃತಿಯ ಆರಂಭದಲ್ಲಿಯೇ ತನ್ನ ಲೆಕ್ಕವನ್ನು ಒಪ್ಪಿಸುತ್ತಾನೆ. ಮೊದಲ ಕಾಳಗ ನಡೆದದ್ದು 13ನೆಯ ವಯಸ್ಸಿನಲ್ಲಿ. 28 ಅಥವಾ 29 ತುಂಬುವ ಹೊತ್ತಿಗೆ 60ಕ್ಕೂ ಹೆಚ್ಚು ಕಾಳಗಗಳು ಮುಗಿದಿದ್ದವು, ಒಂದರಲ್ಲಿಯೂ ಅವನು ಸೋತಿರಲಿಲ್ಲ. ಇಂಥ ದಾಖಲೆಯಿರುವ ಯಾರಾದರೂ ತನ್ನ ಕಲೆ ಪೂರ್ಣವಾಯಿತೆಂದು ತಿಳಿದರೆ ತಪ್ಪೆನ್ನುವವರು ಯಾರು? ಆದರೆ 30 ದಾಟಿದ ಮೇಲೆ ಅವನು ಆ ಗೆಲುವುಗಳನ್ನೆಲ್ಲ ಹಿಂದಿರುಗಿ ನೋಡುತ್ತಾನೆ, ಅವು ತನಗೆ ಕಲೆಯ ಮರ್ಮ ತಿಳಿದಿದ್ದರಿಂದ ಬಂದವುಗಳಲ್ಲ ಎಂಬ ತೀರ್ಮಾನಕ್ಕೆ ಬರುತ್ತಾನೆ. ತನಗೆ ಹುಟ್ಟಿನಿಂದ ಒದಗಿದ್ದ ಸಾಮರ್ಥ್ಯ ಕಾರಣವಿರಬಹುದು, ತಾನು ಅರಿಯದೆಯೇ ಪ್ರಕೃತಿಯ ನಿಯಮಕ್ಕೆ ಹೊಂದಿಕೊಂಡು ನಡೆದದ್ದು ಕಾರಣವಿರಬಹುದು, ಇಲ್ಲವೇ ಎದುರಿಗೆ ನಿಂತ ಪಂಥಗಳವರ ವಿದ್ಯೆಯಲ್ಲಿಯೇ ಕೊರತೆಯಿದ್ದಿರಬಹುದು. ಆಮೇಲೆ ಬೆಳಗು ಬೈಗು ಎನ್ನದೆ ಸಾಧನೆ ಮಾಡಿ, 50ರ ಹೊತ್ತಿಗೆ ತನಗೆ ದಾರಿ ಕಂಡಿತು ಎನ್ನುತ್ತಾನೆ. ಸೋಲರಿಯದ 60 ಕಾಳಗಗಳಿಗಿಂತ ಅವುಗಳ ಬಗೆಗಿನ ಈ ನಾಲ್ಕು ಸಾಲು ನನಗೆ ದೊಡ್ಡದಾಗಿ ಕಾಣುತ್ತದೆ. ಅವನು ಹೇಳಿದ ಮೂರು ಕಾರಣಗಳಲ್ಲಿ ಒಂದರಲ್ಲಿಯೂ ಹೊಗಳಿಕೆಗೆ ಜಾಗವಿಲ್ಲ, ಒಂದೊಂದೂ ಬೇರೆ ಬಗೆಯ ಪರೀಕ್ಷೆಯನ್ನು ಬೇಡುತ್ತದೆ.

ಆ ಮೂರನ್ನೂ ನಮ್ಮ ಅಖಾಡಕ್ಕೆ ತಂದು ನೋಡಬಹುದು. ದಸರಾಕ್ಕೆ ಮುಂಚೆ ನಡೆಯುವ ಜೋಡಿ ಕಟ್ಟುವ ಕೆಲಸದ ಉದ್ದೇಶವೇ ಸಮಬಲದವರನ್ನು ಎದುರುಬದುರು ನಿಲ್ಲಿಸುವುದು. ತೂಕ, ವಯಸ್ಸು, ಹಿಂದೆ ಆಡಿದ ಕುಸ್ತಿಗಳು, ಗರಡಿಯ ಹೆಸರು ಇವನ್ನೆಲ್ಲ ಹಿರಿಯರು ತೂಗಿ ನೋಡುತ್ತಾರೆ. ಈ ಎಚ್ಚರ ನಮ್ಮ ನಾಡಿನಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ಮಾನಸೋಲ್ಲಾಸದಲ್ಲಿಯೇ ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಗೆ ತಕ್ಕಂತೆ ವಿಂಗಡಿಸಲಾಗಿದೆ. ಆದರೂ ಯಾವ ಜೋಡಿಯೂ ಪೂರ್ತಿ ಸಮವಾಗಿರುವುದಿಲ್ಲ. ಒಬ್ಬನ ತೋಳು ಎರಡು ಅಂಗುಲ ಉದ್ದವಿರುತ್ತದೆ, ಇನ್ನೊಬ್ಬ ಹಿಂದಿನ ದಿನವಷ್ಟೇ ಬೇರೊಂದು ಊರಿನಲ್ಲಿ ಸೆಣಸಿ ಬಂದಿರುತ್ತಾನೆ, ಮತ್ತೊಬ್ಬನಿಗೆ ಎಡಗಡೆಯಿಂದ ಬರುವ ಪಟ್ಟಿನ ಪರಿಚಯವೇ ಇರುವುದಿಲ್ಲ. ಇಂಥ ಅಸಮತೆಗಳು ಗೆಲುವಿನೊಳಗೆ ಅಡಗಿ ಕುಳಿತು, ಪಟ್ಟಿನ ಹೆಸರಿನಲ್ಲಿ ಓಡಾಡುತ್ತವೆ. ಎದುರಾಳಿಗಿಂತ ಹೆಚ್ಚು ಕಸುವಿರುವ ಹುಡುಗ ಧೋಬಿ ಪಟ್ಟು ಹಾಕಿ ಗೆದ್ದಾಗ, ಅವನನ್ನು ಗೆಲ್ಲಿಸಿದ್ದು ತೋಳನ್ನು ಹೆಗಲ ಮೇಲೆಳೆದುಕೊಂಡು ಸೊಂಟ ತಿರುಗಿಸಿದ ಕ್ರಮವೋ, ಕ್ರಮ ತಪ್ಪಿದರೂ ಎಳೆದು ಕೆಡವಬಲ್ಲ ರಟ್ಟೆಯ ಬಲವೋ ಎಂಬುದು ಆ ಕುಸ್ತಿಯಿಂದ ತಿಳಿಯುವುದಿಲ್ಲ. ಅವನು ಅದನ್ನು ಪಟ್ಟಿನ ಗೆಲುವೆಂದು ನಂಬುತ್ತಾನೆ, ಅದೇ ರೂಪದಲ್ಲಿ ಸಾವಿರ ಸಲ ಅಭ್ಯಾಸ ಮಾಡುತ್ತಾನೆ, ತನ್ನಷ್ಟೇ ಕಸುವಿನವನು ಎದುರಾದ ದಿನ ಆ ಪಟ್ಟು ಏಕೆ ಕೆಲಸ ಮಾಡಲಿಲ್ಲವೆಂದು ದಿಕ್ಕೆಡುತ್ತಾನೆ. ಆ ದಿನದ ಸೋಲಿನ ಬೀಜ ಹಿಂದಿನ ಗೆಲುವುಗಳಲ್ಲಿಯೇ ಬಿದ್ದಿತ್ತು.

ಆತ್ಮಾವಲೋಕನ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಪಶ್ಚಾತ್ತಾಪ ನೆನಪಾಗುತ್ತದೆ. ಸೋತ ಹುಡುಗ ಮೂಲೆಯಲ್ಲಿ ಕುಳಿತು, ಇನ್ನೂ ಚೆನ್ನಾಗಿ ಸಾಮು ಮಾಡಬೇಕಿತ್ತು, ಮನಸ್ಸು ಗಟ್ಟಿಯಿರಬೇಕಿತ್ತು, ನನ್ನಲ್ಲಿ ಛಲ ಸಾಲದು ಎಂದುಕೊಳ್ಳುವುದನ್ನು ನಾವು ಗೌರವದಿಂದ ನೋಡುತ್ತೇವೆ. ಆ ಭಾವನೆ ಪ್ರಾಮಾಣಿಕವಾದದ್ದೇ. ಅದರಿಂದ ಮರುದಿನ ಬೆಳಿಗ್ಗೆ ಏನು ಮಾಡಬೇಕೆಂಬುದು ಮಾತ್ರ ತಿಳಿಯುವುದಿಲ್ಲ, ಹೆಚ್ಚೆಂದರೆ ಇನ್ನಷ್ಟು ದಂಡ, ಇನ್ನಷ್ಟು ಬಸ್ಕಿ. ಮಂಡ್ಯದ ಕಡೆ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿ ಗದ್ದೆಯಿರುವ ರೈತ, ನೀರು ಬಾರದ ದಿನ ಒಣಗಿದ ಪೈರಿನ ಮುಂದೆ ಕೊರಗುತ್ತ ನಿಲ್ಲದೆ, ಕಾಲುವೆಯ ಏರಿಯ ಮೇಲೆ ಹಿಂದಕ್ಕೆ ನಡೆಯುತ್ತಾ ನೀರು ಎಲ್ಲಿಯವರೆಗೆ ಸರಿಯಾಗಿ ಬಂದಿದೆ, ಎಲ್ಲಿಂದ ತಪ್ಪಿದೆ ಎಂದು ಹುಡುಕುತ್ತಾ ಹೋಗುತ್ತಾನೆ. ಸಮರಕಲೆಯ ಅಭ್ಯಾಸಿಗೆ ಬೇಕಾದ ಪರೀಕ್ಷೆ ಈ ಬಗೆಯದು. ಬೆನ್ನು ನೆಲಕ್ಕೆ ತಾಗಿ ಚಿತ್ ಆದ ಕ್ಷಣದಿಂದ, ಅಥವಾ ಚಿತ್ ಮಾಡಿದ ಕ್ಷಣದಿಂದ, ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆದು, ಫಲಿತಾಂಶ ನಿರ್ಧಾರವಾದದ್ದು ಯಾವ ಜಾಗದಲ್ಲಿ ಎಂಬುದನ್ನು ಗುರುತಿಸಬೇಕು. ಬಹಳ ಸಲ ಆ ಜಾಗ ನಾವು ಎಣಿಸಿದ್ದಕ್ಕಿಂತ ಎಷ್ಟೋ ಮೊದಲೇ ಸಿಗುತ್ತದೆ. ಬಿದ್ದದ್ದು ಸೊಂಟ ತಿರುಗಿಸಿದಾಗ ಎಂದುಕೊಂಡಿರುತ್ತೇವೆ, ನಿಜದಲ್ಲಿ ಅದಕ್ಕೂ ಮುಂಚೆ ಎದುರಾಳಿ ನಮ್ಮ ಮುಂಗೈ ಹಿಡಿದಾಗ ಅದನ್ನು ಬಿಡಿಸಿಕೊಳ್ಳದೆ ಇದ್ದಲ್ಲಿಯೇ ಕುಸ್ತಿ ಮುಗಿದಿರುತ್ತದೆ.

ಹೀಗೆ ಹಿಂದಕ್ಕೆ ನಡೆಯಲು ನನಗೆ ಹೆಚ್ಚು ನೆರವಾದದ್ದು ಜೂಡೋ. ಅದನ್ನು ರೂಪಿಸಿದ ಕಾನೊ ಜಿಗೊರೊ 1882ರಲ್ಲಿ ಟೋಕಿಯೊದ ಒಂದು ದೇವಾಲಯದಲ್ಲಿ, 12 ಚಾಪೆಗಳಷ್ಟು ಜಾಗದಲ್ಲಿ, ತನ್ನ ಕೊಡೊಕಾನ್ ಶಾಲೆಯನ್ನು ಆರಂಭಿಸಿದಾಗ ಅವನಿಗೆ ಇನ್ನೂ 21 ವರ್ಷ. ಎಸೆತವೊಂದನ್ನು ಮೂರು ಹಂತಗಳಾಗಿ ಬಿಡಿಸಿ ನೋಡುವುದು ಅವನ ಶಿಕ್ಷಣ ಕ್ರಮದ ಮುಖ್ಯ ಭಾಗ. ಎದುರಾಳಿಯ ಸಮತೋಲವನ್ನು ಕೆಡಿಸುವುದು ಕುಜುಶಿ, ಎಸೆಯಲು ತಕ್ಕ ಜಾಗಕ್ಕೆ ನಮ್ಮ ಮೈಯನ್ನು ತಂದು ಹೊಂದಿಸುವುದು ತ್ಸುಕುರಿ, ಎಸೆದು ಮುಗಿಸುವುದು ಕಾಕೆ. ಎಸೆತ ಕೈಗೂಡದಿದ್ದಾಗ ಬಹುತೇಕ ಎಲ್ಲರೂ ಮೂರನೆಯ ಹಂತವನ್ನೇ ದೂರುತ್ತಾರೆ, ಏಕೆಂದರೆ ಕಣ್ಣಿಗೆ ಬೀಳುವುದು ಅದೊಂದೇ. ಇನ್ನೂ ಜೋರಾಗಿ ಎಳೆಯಬೇಕು, ಇನ್ನೂ ಕೆಳಗೆ ಕೂರಬೇಕು ಎನ್ನುತ್ತಾರೆ. ಆದರೆ ಎದುರಾಳಿ ತನ್ನ ಎರಡೂ ಪಾದಗಳ ಮೇಲೆ ಭದ್ರವಾಗಿ ನಿಂತಿರುವಾಗ ಯಾವ ಬಲವೂ ಸಾಲದು, ಅವನ ಭಾರ ಹೆಬ್ಬೆರಳಿನ ಕಡೆಗೆ ಬಾಗಿದ್ದರೆ ಚಿಕ್ಕ ಹುಡುಗನೂ ಅವನನ್ನು ಎಸೆಯಬಲ್ಲ. ಕಾನೊ ತನ್ನ ನೆನಪುಗಳಲ್ಲಿ ಹೇಳಿಕೊಂಡಿರುವಂತೆ, 50 ದಾಟಿದ್ದರೂ ತನ್ನನ್ನು ಯಾವಾಗಲೂ ಎಸೆಯುತ್ತಿದ್ದ ಗುರುವನ್ನು ಅವನು ಒಂದು ದಿನ ಮತ್ತೆ ಮತ್ತೆ ಎಸೆದಾಗ ಗುರುವಿಗೇ ಅಚ್ಚರಿಯಾಯಿತು. ಆ ಬದಲಾವಣೆಗೆ ಕಾರಣ ಹೊಸ ಪಟ್ಟುಗಳಾಗಿರಲಿಲ್ಲ, ಎಸೆತಕ್ಕೆ ಮುಂಚಿನ ಆ ಒಂದು ಗಳಿಗೆಯಲ್ಲಿ ಎದುರಾಳಿಯ ನಿಲುವು ಹೇಗೆ ಮುರಿಯುತ್ತದೆ ಎಂಬುದನ್ನು ಅವನು ಅಧ್ಯಯನ ಮಾಡಿದ್ದ. ಮೂರು ಹಂತಗಳಲ್ಲಿ ಎಲ್ಲಿ ತಪ್ಪಿತು ಎಂಬ ಪ್ರಶ್ನೆಗೆ ಉತ್ತರವಿದೆ, ಆ ಉತ್ತರವನ್ನು ಮರುದಿನವೇ ಪರೀಕ್ಷಿಸಲೂಬಹುದು. ನನ್ನಲ್ಲಿ ಛಲ ಸಾಲದೆ ಎಂಬ ಪ್ರಶ್ನೆಗೆ ಇವೆರಡೂ ಇಲ್ಲ.

ಕಾನೊನ ವಿದ್ಯಾರ್ಥಿ ಜೀವನದ ಇನ್ನೊಂದು ಪ್ರಸಂಗ ನನಗೆ ಇದಕ್ಕಿಂತಲೂ ಪ್ರಿಯ. ಅವನು ಮೊದಲು ಕಲಿಯುತ್ತಿದ್ದ ಶಾಲೆಯಲ್ಲಿ ಫುಕುಶಿಮಾ ಎಂಬ ಭಾರಿ ಮೈಕಟ್ಟಿನ ಸಹಪಾಠಿಯಿದ್ದ. ಸಣ್ಣ ಗಾತ್ರದ ಕಾನೊ ಅವನನ್ನು ಎಷ್ಟು ಪ್ರಯತ್ನಿಸಿದರೂ ಮಣಿಸಲಾಗುತ್ತಿರಲಿಲ್ಲ. ತನ್ನ ಶಾಲೆಯ ಪಟ್ಟುಗಳನ್ನೇ ಇನ್ನಷ್ಟು ಕಸುವಿನಿಂದ ಹಾಕುವ ಬದಲು, ಈ ಎದುರಾಳಿಗೆ ಬೇಕಾದದ್ದು ತನ್ನ ಬಳಿ ಇದೆಯೇ ಎಂದು ಅವನು ಕೇಳಿಕೊಂಡ. ಸುಮೊ ಬಲ್ಲವರ ಬಳಿ ಹೋಗಿ ಕಲಿತು ನೋಡಿದ, ಅದೂ ಫಲಿಸಲಿಲ್ಲ. ಗ್ರಂಥಾಲಯಕ್ಕೆ ಹೋಗಿ ಪಾಶ್ಚಾತ್ಯ ಕುಸ್ತಿಯ ಪುಸ್ತಕಗಳನ್ನು ತಿರುವಿ ಹಾಕಿ, ಎದುರಾಳಿಯ ಕೆಳಗೆ ನುಗ್ಗಿ ಅವನನ್ನು ಹೆಗಲುಗಳ ಮೇಲೆ ಅಡ್ಡಲಾಗಿ ಎತ್ತಿ ಕೆಡವುವ ಒಂದು ಪಟ್ಟನ್ನು ಹುಡುಕಿ ತೆಗೆದ, ಗೆಳೆಯರ ಮೇಲೆ ಅದನ್ನು ಪಳಗಿಸಿಕೊಂಡ, ಕೊನೆಗೆ ಫುಕುಶಿಮಾನನ್ನು ಎಸೆದ. ಜೂಡೋದಲ್ಲಿ ಅದು ಕಾಟಾ ಗುರುಮಾ ಎಂಬ ಹೆಸರಿನಿಂದ ಉಳಿದಿದೆ. ನಮ್ಮ ಗರಡಿಗಳಲ್ಲಿ ಕಲಾಜಂಗ್ ಎಂದು ಹುಡುಗರು ಕಲಿಯುವುದೂ ಇದೇ ವರಸೆಯನ್ನು. ಈ ಪ್ರಸಂಗದಲ್ಲಿ ನನ್ನನ್ನು ಸೆಳೆಯುವುದು ಎಸೆತಕ್ಕಿಂತ ಆ ಹುಡುಕಾಟದ ರೀತಿ. ಅದರಲ್ಲಿ ತನ್ನನ್ನು ಹಳಿದುಕೊಳ್ಳುವುದಿಲ್ಲ, ಎದುರಾಳಿಯ ಗಾತ್ರವನ್ನು ನೆಪವಾಗಿಸುವುದೂ ಇಲ್ಲ. ತನ್ನಲ್ಲಿ ಏನಿದೆ, ಏನಿಲ್ಲ ಎಂಬುದರ ಒಂದು ಶಾಂತವಾದ ಪಟ್ಟಿ ಇದೆ, ಇಲ್ಲದ್ದನ್ನು ಎಲ್ಲಿಂದಲಾದರೂ ತರುವ ವಿನಯವಿದೆ.

ಇಷ್ಟು ಹೇಳಿದ ಮೇಲೆ ಒಂದು ಅಡ್ಡಿಯ ಬಗ್ಗೆ ಹೇಳಲೇಬೇಕು. ತನ್ನನ್ನು ತಾನೇ ನೋಡಿಕೊಳ್ಳುವುದಕ್ಕೆ ನಮ್ಮ ಬಳಿಯಿರುವ ಸಾಧನ ನಮ್ಮದೇ ಮೈ, ಆ ಮೈ ಹೇಳುವುದೆಲ್ಲ ನಿಜವಲ್ಲ. ಕೈಕಾಲುಗಳು ಎಲ್ಲಿವೆ ಎಂಬುದನ್ನು ಕಣ್ಣು ಮುಚ್ಚಿದರೂ ತಿಳಿಸುವ ಒಳಗಿನ ಅರಿವು ಸ್ನಾಯು ಮತ್ತು ಕೀಲುಗಳಿಂದ ಬರುತ್ತದೆ, ಆದರೆ ಅದು ರೂಢಿಗೆ ಬೇಗ ಒಗ್ಗಿಬಿಡುತ್ತದೆ. ವರ್ಷಗಟ್ಟಲೆ ಎಡ ಹೆಗಲನ್ನು ತಗ್ಗಿಸಿ ನಿಂತವನಿಗೆ ಆ ನಿಲುವೇ ನೇರವೆನಿಸುತ್ತದೆ, ಅವನನ್ನು ನಿಜಕ್ಕೂ ನೇರ ನಿಲ್ಲಿಸಿದರೆ ಬಲಕ್ಕೆ ವಾಲಿದಂತೆ ಅನಿಸುತ್ತದೆ. ಕರಾಟೆ ಕಲಿಯುವ ಮಕ್ಕಳಲ್ಲಿ ಇದನ್ನು ದಿನವೂ ಕಾಣಬಹುದು: ಹೊಡೆದ ಮುಷ್ಟಿಯನ್ನು ಸೊಂಟಕ್ಕೆ ಪೂರ್ತಿ ಎಳೆದುಕೊಂಡಿದ್ದೇನೆ ಎಂದು ಮಗು ಪ್ರಾಮಾಣಿಕವಾಗಿ ನಂಬಿರುತ್ತದೆ, ಮುಷ್ಟಿ ಪಕ್ಕೆಲುಬಿನ ಹತ್ತಿರವೇ ನಿಂತಿರುತ್ತದೆ. ಆದ್ದರಿಂದ ಆತ್ಮಾವಲೋಕನಕ್ಕೆ ಹೊರಗಿನ ಸಾಕ್ಷಿ ಬೇಕು. ಈ ಕಾಲದಲ್ಲಿ ಮೊಬೈಲ್ ಫೋನು ಅಂಥ ಒಳ್ಳೆಯ ಸಾಕ್ಷಿ, ಅದನ್ನು ಅಖಾಡದ ಅಂಚಿನಲ್ಲಿ ನಿಲ್ಲಿಸುವುದಕ್ಕೆ ಮುಜುಗರಪಡಬಾರದು. ಆದರೆ ಅದಕ್ಕಿಂತ ಹಳೆಯ, ಹೆಚ್ಚು ಸೂಕ್ಷ್ಮವಾದ ಸಾಕ್ಷಿಯೊಂದು ಜೊತೆಗಾರನ ಮೈಯಲ್ಲಿಯೇ ಇದೆ. ನಾನು ಎಳೆದಾಗ ನಿನ್ನ ಭಾರ ಯಾವ ಕಾಲಿನ ಮೇಲೆ ಹೋಯಿತು ಎಂದು ಅವನನ್ನು ಕೇಳಿದರೆ, ಯಾವ ಕ್ಯಾಮೆರಾವೂ ಕಾಣದ ಸಂಗತಿ ಒಂದು ಮಾತಿನಲ್ಲಿ ತಿಳಿಯುತ್ತದೆ. ಹೀಗೆ ಕೇಳುವ ರೂಢಿ ನಮ್ಮಲ್ಲಿ ಕಡಿಮೆ. ಜೋಡಿಯವನ ಬಳಿ ಪ್ರಶ್ನೆ ಕೇಳಿದರೆ ತನ್ನ ಗುಟ್ಟು ಬಿಟ್ಟುಕೊಟ್ಟಂತೆ ಎಂಬ ಹಿಂಜರಿಕೆ ಹುಡುಗರಲ್ಲಿರುತ್ತದೆ.

ಇನ್ನೊಂದು ಮೋಸ ಅಭ್ಯಾಸದ ಕ್ರಮದಲ್ಲಿಯೇ ಇದೆ. 1979ರಲ್ಲಿ ಶೇ ಮತ್ತು ಮಾರ್ಗನ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಕೈಯ ಚಲನೆಯೊಂದನ್ನು ಕಲಿಯುವವರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪು ಒಂದು ವಿನ್ಯಾಸವನ್ನು ಸತತವಾಗಿ ಅಭ್ಯಾಸ ಮಾಡಿ ಮುಗಿಸಿ ಮುಂದಿನದಕ್ಕೆ ಹೋಗುತ್ತಿತ್ತು, ಇನ್ನೊಂದು ಗುಂಪಿಗೆ ಮೂರು ವಿನ್ಯಾಸಗಳೂ ಕಲಸಿ ಬರುತ್ತಿದ್ದವು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪಿನವರೇ ವೇಗವಾಗಿ ಮಾಡುತ್ತಿದ್ದರು. ಹತ್ತು ದಿನ ಬಿಟ್ಟು ಮತ್ತೆ ಪರೀಕ್ಷಿಸಿದಾಗ ಕಲಸಿದ ಕ್ರಮದಲ್ಲಿ ಕಷ್ಟಪಟ್ಟು ಕಲಿತಿದ್ದವರು ಮುಂದಿದ್ದರು. ಈ ಫಲಿತಾಂಶವನ್ನು ಗರಡಿಯ ಪ್ರತಿಯೊಬ್ಬ ಹುಡುಗನಿಗೂ ಹೇಳಬೇಕು. ಒಂದೇ ಪಟ್ಟನ್ನು, ಒಂದೇ ಜೋಡಿಯ ಮೇಲೆ, ಒಂದೇ ಬದಿಯಿಂದ ಮಾಡುತ್ತ ಹೋದಾಗ ಸಿಗುವ ಸರಾಗದ ಅನುಭವ ನಿಜವಾದ ಕಲಿಕೆಯ ಗುರುತಲ್ಲ. ಇಂದಿನ ತಾಲೀಮು ಚೆನ್ನಾಗಿ ಆಯಿತು ಎಂಬ ಭಾವನೆಯೂ ಆದ್ದರಿಂದ ಪರೀಕ್ಷೆಗೆ ಒಳಗಾಗಬೇಕಾದ ಒಂದು ಗೆಲುವೇ. ಬಹಳ ಸರಾಗವಾಗಿ ನಡೆದ ದಿನದಲ್ಲಿ ನಾವು ಹೊಸದೇನನ್ನೂ ಕಲಿಯದೆ, ಗೊತ್ತಿದ್ದುದನ್ನೇ ನಮಗೆ ನಾವು ಮಾಡಿ ತೋರಿಸಿಕೊಂಡಿರಬಹುದು.

ಹಾಗೆಂದು ಯಾವಾಗಲೂ ತನ್ನನ್ನು ನೋಡಿಕೊಳ್ಳುತ್ತಿರಬೇಕೆ? ಇದಕ್ಕೆ ನನ್ನ ಉತ್ತರ ಖಚಿತವಾಗಿ ಇಲ್ಲ. ಸೆಣಸಾಟ ನಡೆಯುತ್ತಿರುವಾಗ ತನ್ನ ಮೊಣಕಾಲು ಎಷ್ಟು ಬಾಗಿದೆ ಎಂದು ಯೋಚಿಸುವವನು ಆ ಯೋಚನೆಯ ನಡುವೆಯೇ ಕೆಳಗೆ ಬೀಳುತ್ತಾನೆ. ಚಲನೆಯ ಕಲಿಕೆಯನ್ನು ಫಿಟ್ಸ್ ಮತ್ತು ಪೋಸ್ನರ್ 1967ರಲ್ಲಿ ಮೂರು ಘಟ್ಟಗಳಾಗಿ ವಿವರಿಸಿದ್ದರು: ಆರಂಭದಲ್ಲಿ ಪ್ರತಿಯೊಂದನ್ನೂ ಯೋಚಿಸಿ ಮಾಡುತ್ತೇವೆ, ನಡುವೆ ತಪ್ಪುಗಳನ್ನು ತಿದ್ದಿಕೊಳ್ಳುತ್ತ ಬಿಡಿಭಾಗಗಳನ್ನು ಬೆಸೆಯುತ್ತೇವೆ, ಕೊನೆಗೆ ಚಲನೆ ತಾನಾಗಿಯೇ ನಡೆಯುತ್ತದೆ. ಕೊನೆಯ ಘಟ್ಟಕ್ಕೆ ಬಂದ ಚಲನೆಯನ್ನು ಒತ್ತಡದ ಕ್ಷಣದಲ್ಲಿ ಮತ್ತೆ ಮೊದಲ ಘಟ್ಟಕ್ಕೆ ಎಳೆದರೆ ಅದು ಒಡೆದುಹೋಗುತ್ತದೆ. 1992ರಲ್ಲಿ ಮಾಸ್ಟರ್ಸ್ ಎಂಬ ಸಂಶೋಧಕ ಗಾಲ್ಫ್ ಚೆಂಡನ್ನು ಗುಳಿಗೆ ತಳ್ಳುವ ಕೌಶಲದ ಮೇಲೆ ಪ್ರಯೋಗ ನಡೆಸಿದಾಗ, ನಿಯಮಗಳನ್ನು ಬಾಯಿಪಾಠದಂತೆ ಅರಿತು ಕಲಿತವರು ಒತ್ತಡದಲ್ಲಿ ತೊಡಕಿಗೆ ಸಿಕ್ಕಿದರು, ಅಂಥ ನಿಯಮಗಳಿಲ್ಲದೆ ಕಲಿತವರು ಅದೇ ಒತ್ತಡಕ್ಕೆ ಕುಗ್ಗಲಿಲ್ಲ. ನನ್ನ ಉಸ್ತಾದರಿಗೆ ಈ ಪ್ರಯೋಗಗಳ ಪರಿಚಯವಿರಲಿಲ್ಲ, ಆದರೂ ಅವರು ಮಟ್ಟಿಯೊಳಗೆ, ಅಂದರೆ ಗರಡಿಯ ಮಣ್ಣಿನ ಕಣದೊಳಗೆ, ಮಾತನ್ನು ನಿಷೇಧಿಸಿದ್ದರು. ಜೋಡಿ ಹಿಡಿದಿರುವಾಗ ಅವರು ಒಂದು ಸೂಚನೆಯನ್ನೂ ಕೂಗುತ್ತಿರಲಿಲ್ಲ. ಹೊರಗೆ ಬಂದು ಮೈಯ ಮಣ್ಣನ್ನು ಉದುರಿಸಿಕೊಳ್ಳುವಾಗ ಹತ್ತಿರ ಕರೆದು, "ಅವನ ಕೈ ನಿನ್ನ ಕತ್ತಿಗೆ ಬಂತಲ್ಲ, ಆಗ ನಿನ್ನ ಕಣ್ಣು ಎಲ್ಲಿತ್ತು ಮಗಾ?" ಎಂದಷ್ಟೇ ಕೇಳುತ್ತಿದ್ದರು. ಉತ್ತರ ಕೊಡಲಾಗದಿದ್ದರೆ ನಾಳೆ ನೋಡಿಕೊಂಡು ಬಾ ಎನ್ನುತ್ತಿದ್ದರು. ಮಾಡುವ ಹೊತ್ತು ಬೇರೆ, ನೋಡುವ ಹೊತ್ತು ಬೇರೆ ಎಂಬ ಈ ಗೆರೆಯನ್ನು ಅವರು ಎಂದೂ ದಾಟಲಿಲ್ಲ, ಅವರಿಂದ ಕಲಿತದ್ದರಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಅದೇ.

ಈ ಗೆರೆ ಅತ್ಯಂತ ತೀವ್ರವಾಗಿ ಕಾಣುವುದು ವಿಜಯದಶಮಿಯಂದು ಅರಮನೆಯ ಆವರಣದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳುಗಳ ಗೆಣ್ಣಿಗೆ ಮೊನಚಾದ ವಜ್ರಮುಷ್ಟಿ ತೊಟ್ಟು ಎದುರಾಗುತ್ತಾರೆ, ತಲೆಯಲ್ಲಿ ರಕ್ತ ಕಂಡ ಕೂಡಲೇ ಕಾಳಗ ನಿಲ್ಲುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿ ಮನೆತನಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿರುವ ಈ ಪರಂಪರೆಯಲ್ಲಿ ಕಾಳಗ ಮುಗಿಯಲು ಕೆಲವೊಮ್ಮೆ ಒಂದು ನಿಮಿಷವೂ ಬೇಕಾಗುವುದಿಲ್ಲ. ಅಷ್ಟು ಚಿಕ್ಕ ಅವಧಿಯಲ್ಲಿ ತಿದ್ದಿಕೊಳ್ಳಲು ಜಾಗವೇ ಇಲ್ಲ. ತಿದ್ದುವುದೆಲ್ಲ ಅದಕ್ಕೆ ಮುಂಚಿನ ದಿನಗಳ ತಾಲೀಮಿನಲ್ಲಿ ಮುಗಿದಿರಬೇಕು, ತೊಡೆ ತಟ್ಟಿ ನಿಂತ ಮೇಲೆ ಮೈ ತಾನು ಕಲಿತದ್ದನ್ನು ಮಾತ್ರ ಮಾಡಬೇಕು. ಇಲ್ಲಿ ಅಂಕಗಳಿಲ್ಲ, ಎರಡನೆಯ ಸುತ್ತಿಲ್ಲ, ತೀರ್ಪಿನ ಬಗ್ಗೆ ವಾದ ಮಾಡುವ ಅವಕಾಶವೂ ಇಲ್ಲ. ಪಾಯಿಂಟ್ ಕುಸ್ತಿಯಲ್ಲಿ ಸೋತವನು ರೆಫರಿಯನ್ನು ದೂರಬಹುದು, ನಾಡಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಲೇ ಇಲ್ಲವೆಂದು ಜಗಳ ತೆಗೆಯಬಹುದು. ನೆಪಗಳಿಗೆ ಎಡೆಯಿಲ್ಲದ ಕಾಳಗವೊಂದು ನಮ್ಮ ಊರಿನಲ್ಲಿಯೇ ಇದೆ ಎಂಬುದು ಇಲ್ಲಿ ಸಮರಕಲೆ ಕಲಿಯುವವರ ಭಾಗ್ಯವೆಂದು ನಾನು ಭಾವಿಸುತ್ತೇನೆ.

ಆಧುನಿಕ ಕರಾಟೆಯನ್ನು ಓಕಿನಾವಾದಿಂದ ಜಪಾನಿನ ಮುಖ್ಯ ದ್ವೀಪಕ್ಕೆ ತಂದವರಲ್ಲಿ ಪ್ರಮುಖನಾದ ಗಿಚಿನ್ ಫುನಾಕೊಶಿ ತನ್ನ ಶಿಷ್ಯರಿಗಾಗಿ 20 ಸೂತ್ರಗಳನ್ನು ಬಿಟ್ಟುಹೋಗಿದ್ದಾನೆ. ಮೊದಲು ನಿನ್ನನ್ನು ತಿಳಿ, ಆಮೇಲೆ ಇತರರನ್ನು ತಿಳಿ ಎಂಬುದು ಅವುಗಳಲ್ಲಿ ನಾಲ್ಕನೆಯದು. ಮೈಸೂರಿನ ಕರಾಟೆ ತರಗತಿಗಳಲ್ಲಿಯೂ ಅಭ್ಯಾಸದ ಆರಂಭದಲ್ಲಿ ಮತ್ತು ಕೊನೆಯಲ್ಲಿ ಮಕ್ಕಳು ಮಂಡಿಯೂರಿ ಕುಳಿತು ಕಣ್ಣು ಮುಚ್ಚಿ ಒಂದೆರಡು ನಿಮಿಷ ಮೌನವಾಗಿರುತ್ತಾರೆ. ಆ ಕ್ರಮದ ಬಗ್ಗೆ ನನಗೆ ಗೌರವವಿದೆ. ಫುನಾಕೊಶಿಯ ಸೂತ್ರದ ಬಗ್ಗೆಯೂ ಗೌರವವಿದೆ, ಆದರೆ ಅದರ ಕ್ರಮವನ್ನು ಅಕ್ಷರಶಃ ಒಪ್ಪಲು ನನ್ನಿಂದ ಆಗುವುದಿಲ್ಲ. ನನ್ನ ಅನುಭವದಲ್ಲಿ ಇತರರನ್ನು ಬಿಟ್ಟು ಮೊದಲು ತನ್ನನ್ನು ತಿಳಿಯುವುದು ಸಾಧ್ಯವಾಗಿಲ್ಲ. ನನ್ನ ಹಿಡಿತ ಸಡಿಲ ಎಂಬುದು ನನಗೆ ತಿಳಿದದ್ದು ಅದನ್ನು ಒಬ್ಬ ಬಿಡಿಸಿಕೊಂಡಾಗ, ಬಲಗಡೆಗೆ ತಿರುಗುವ ಮುನ್ನ ನಾನು ಉಸಿರು ಬಿಗಿ ಹಿಡಿಯುತ್ತೇನೆ ಎಂಬುದನ್ನು ಇನ್ನೊಬ್ಬ ಗಮನಿಸಿ ಪ್ರತಿ ಸಲವೂ ಮೊದಲೇ ಸರಿದಾಗ. ಕಣ್ಣು ಮುಚ್ಚಿ ಕುಳಿತ ಮೌನದಲ್ಲಿ ಈ ಸಂಗತಿಗಳನ್ನು ಜೋಡಿಸಿ ನೋಡಬಹುದು, ಅರಗಿಸಿಕೊಳ್ಳಬಹುದು, ಆದರೆ ಆ ಮೌನಕ್ಕೆ ಬೇಕಾದ ಸಾಮಗ್ರಿಯನ್ನು ಒದಗಿಸುವವನು ಎದುರಾಳಿಯೇ. ನಮ್ಮ ಗರಡಿಗಳಲ್ಲಿ ಕುಸ್ತಿ ಮುಗಿದ ಮೇಲೆ ಇಬ್ಬರೂ ಪರಸ್ಪರ ಕೈ ಮುಟ್ಟಿ ನಮಸ್ಕರಿಸುವುದನ್ನು ನಾನು ಈ ಅರ್ಥದಲ್ಲಿಯೇ ನೋಡುತ್ತೇನೆ. ಅವನು ನನಗೆ ನನ್ನ ಬಗ್ಗೆ ಏನನ್ನೋ ಹೇಳಿದ್ದಾನೆ.

ಈಗ ನನ್ನ ಬಳಿ ಸಂಜೆ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಒಂದು ನೋಟ್‌ಬುಕ್ ಇಡಲು ಹೇಳುತ್ತೇನೆ. ಅದರಲ್ಲಿ ಪುಟಗಟ್ಟಲೆ ಬರೆಯುವುದು ಬೇಡ, ಒಂದು ದಿನಕ್ಕೆ ಒಂದೇ ಪ್ರಶ್ನೆ ಸಾಕು, ಅದು ಮರುದಿನ ಮ್ಯಾಟಿನ ಮೇಲೆ ಪರೀಕ್ಷಿಸಬಹುದಾದ ಪ್ರಶ್ನೆಯಾಗಿರಬೇಕು. ಎಡಗೈಯಿಂದ ತೋಳು ಹಿಡಿದಾಗ ಅವನು ಹಿಂದೆ ಸರಿಯುತ್ತಾನೆಯೇ, ಪಕ್ಕಕ್ಕೆ ಸರಿಯುತ್ತಾನೆಯೇ? ಅಷ್ಟೇ. ಸೋತ ದಿನ ಅವರಿಗೆ ಪ್ರಶ್ನೆ ಸುಲಭವಾಗಿ ಸಿಗುತ್ತದೆ, ಗೆದ್ದ ದಿನ ಪುಟ ಖಾಲಿಯಿರುತ್ತದೆ, ಆದ್ದರಿಂದ ಗೆದ್ದ ದಿನಕ್ಕಾಗಿ ಬೇರೊಂದು ಕ್ರಮ ಇಟ್ಟುಕೊಂಡಿದ್ದೇನೆ. ಗೆದ್ದವರನ್ನು ಅದೇ ಜೋಡಿಯೊಡನೆ, ಎಸೆತಕ್ಕೆ ಮುಂಚಿನ ಸ್ಥಿತಿಯಲ್ಲಿ ಮತ್ತೆ ನಿಲ್ಲಿಸಿ, ಈ ಸಲ ಏನು ಬರುತ್ತದೆಂದು ತಿಳಿದಿರುವ ಎದುರಾಳಿಯ ಮೇಲೆ ಅದೇ ಪಟ್ಟನ್ನು ಹಾಕಲು ಹೇಳುತ್ತೇನೆ. ಆಗಲೂ ಎಸೆತ ಕೈಗೂಡಿದರೆ ಅದು ಪಟ್ಟಿನ ಗೆಲುವೆಂದು ಒಪ್ಪಬಹುದು. ಕೈಗೂಡದಿದ್ದರೆ ಮೊದಲ ಸಲ ಗೆಲ್ಲಿಸಿದ್ದು ಅನಿರೀಕ್ಷಿತತೆ ಎಂದು ತಿಳಿಯುತ್ತದೆ. ಅನಿರೀಕ್ಷಿತತೆಯೂ ಒಂದು ಗುಣವೇ, ಆದರೆ ಅದನ್ನು ಅದರ ಹೆಸರಿನಿಂದ ಗುರುತಿಸಬೇಕು. ಈ ಮರುಪರೀಕ್ಷೆಯಲ್ಲಿ ಮೊದಮೊದಲು ಮಕ್ಕಳಿಗೆ ಅವಮಾನವಾದಂತೆ ಅನಿಸುತ್ತದೆ. ಗೆದ್ದ ಮೇಲೂ ಏಕೆ ಸಾರ್ ಎಂದು ಮುಖ ಸಣ್ಣದು ಮಾಡುತ್ತಾರೆ. ಕೆಲವು ತಿಂಗಳು ಕಳೆದ ಮೇಲೆ ಅವರೇ ಗೆದ್ದ ಕೂಡಲೇ ಮತ್ತೆ ನಿಲ್ಲುವುದನ್ನು ಕಂಡಿದ್ದೇನೆ. ಹುಡುಗಿಯರು ಈ ಅಭ್ಯಾಸಕ್ಕೆ ಬೇಗ ಒಗ್ಗಿಕೊಳ್ಳುತ್ತಾರೆ, ಬಹುಶಃ ಅಖಾಡಕ್ಕೆ ಕಾಲಿಡುವ ಹಕ್ಕಿಗಾಗಿಯೇ ಅವರು ಮನೆಯಲ್ಲಿ ಎಷ್ಟೋ ಸಲ ಉತ್ತರ ಕೊಟ್ಟು ಬಂದಿರುವುದರಿಂದ ಪ್ರಶ್ನೆಗಳು ಅವರನ್ನು ಹೆದರಿಸುವುದಿಲ್ಲ.

ಪರೀಕ್ಷೆಯಿಂದ ಅತಿ ಸುಲಭವಾಗಿ ತಪ್ಪಿಸಿಕೊಳ್ಳುವವರು ಕಲಿಸುವವರು. ಶಿಕ್ಷಕನೊಬ್ಬ ಪಟ್ಟು ತೋರಿಸುವಾಗ ವಿದ್ಯಾರ್ಥಿ ಗೌರವದಿಂದ ತಾನಾಗಿಯೇ ಬೀಳುತ್ತಾನೆ, ಸುತ್ತ ಕುಳಿತವರು ಮೆಚ್ಚಿಕೊಳ್ಳುತ್ತಾರೆ, ವರ್ಷಗಳು ಕಳೆದಂತೆ ಆ ಪಟ್ಟು ಎದುರಾಳಿಯಿಲ್ಲದ ಪಟ್ಟಾಗಿಬಿಡುತ್ತದೆ. ಕಪ್ಪು ಬೆಲ್ಟು, ಉಸ್ತಾದ್ ಎಂಬ ಹೆಸರು, ಗೋಡೆಯ ಮೇಲಿನ ಫೋಟೊಗಳು ಇವೆಲ್ಲ ಹಳೆಯ ಗೆಲುವುಗಳು, ಅವುಗಳನ್ನು ಪ್ರಶ್ನಿಸುವ ಅಧಿಕಾರ ಆ ಕೋಣೆಯಲ್ಲಿ ಬೇರೆ ಯಾರಿಗೂ ಇರುವುದಿಲ್ಲ. ವಯಸ್ಸಾಗುತ್ತಿರುವ ಮೈಯಲ್ಲಿ ಹಿಂದಿನ ಉತ್ತರಗಳು ಒಂದೊಂದಾಗಿ ಸುಳ್ಳಾಗುತ್ತ ಹೋಗುವ ಕಾಲದಲ್ಲಿ ಇದು ಇನ್ನೂ ಅಪಾಯಕರ. ಆದ್ದರಿಂದ ನನ್ನ ತರಗತಿಯ ಹಿರಿಯ ವಿದ್ಯಾರ್ಥಿಗಳಿಗೆ ನಾನು ತೋರಿಸುವ ಪಟ್ಟಿಗೆ ತಾವಾಗಿ ಬೀಳಬಾರದೆಂದು ಹೇಳಿದ್ದೇನೆ. ಮೊದಲು ಅವರು ಒಪ್ಪಲಿಲ್ಲ, ಗುರುಗಳ ಎದುರು ಹಾಗೆ ನಿಲ್ಲುವುದು ಹೇಗೆಂದು ಸಂಕೋಚಪಟ್ಟರು. ಈಗ ಅವರಲ್ಲಿ ಒಬ್ಬ ಧೈರ್ಯ ಮಾಡಿದ್ದಾನೆ. ಎದುರಾಳಿಯನ್ನು ಬೆನ್ನ ಮೇಲೆ ಹೊತ್ತು ಮುಂದಕ್ಕೆ ಎಸೆಯುವ ಸೆಯೋಯಿ ನಾಗೆಯನ್ನು ಬಲಗಡೆಯಿಂದ ಹಾಕಿದರೆ ಅವನು ಬೀಳುತ್ತಾನೆ, ಎಡಗಡೆಯದಕ್ಕೆ ಬೀಳುತ್ತಿಲ್ಲ. ತನ್ನ ಭಾರ ಮುಂದಕ್ಕೆ ಬರುತ್ತದೆ, ಆದರೆ ನೀವು ಒಳಗೆ ಬರುವಷ್ಟರಲ್ಲಿ ಅದು ಹಿಮ್ಮಡಿಗೆ ವಾಪಸು ಹೋಗಿರುತ್ತದೆ ಸಾರ್ ಎಂದು ಅವನೇ ಹೇಳಿದ. ಅಂದರೆ ಕುಜುಶಿ ಸರಿಯಿದೆ, ತ್ಸುಕುರಿ ತಡವಾಗುತ್ತಿದೆ. ತಡವಾಗುತ್ತಿರುವುದು ಎಡ ಪಾದವನ್ನು ಊರಿ ತಿರುಗುವ ಜಾಗದಲ್ಲಿಯೋ, ಹಳೆಯ ಮಂಡಿನೋವಿಗೆ ಹೆದರಿ ಮೈ ಪೂರ್ತಿ ಕೆಳಗೆ ಕೂರಲು ಒಪ್ಪದ ಜಾಗದಲ್ಲಿಯೋ ಎಂಬುದನ್ನು ಬೇರ್ಪಡಿಸಲು, ಎಸೆಯದೆ ಬರೀ ಒಳಹೊಕ್ಕು ಹಿಂದೆ ಬರುವ ಉಚಿಕೋಮಿಯನ್ನು ನಿಧಾನವಾಗಿ ಮಾಡುತ್ತ ಪ್ರತಿ ಸಲವೂ ತನ್ನ ಭಾರ ಎಲ್ಲಿದೆಯೆಂದು ಅವನು ನನಗೆ ಹೇಳುವಂತೆ ಈ ವಾರದಿಂದ ಅಭ್ಯಾಸ ಮಾಡುತ್ತಿದ್ದೇವೆ.